ಕುಲಪತಿಗಳ ಸಂಬಳದ ಲೆಕ್ಕ ಸದನದಲ್ಲಿ ಯಾರು ಕೇಳಬೇಕು? ಕಾರವಾರ, ಶಿರಸಿ ಕಡೆಯವರು ಹೇಳಿ

ಕೋಡಿಬಾಗ ಮಾಸ್ತರು

ಎಲ್ಲರಿಗೂ ನಮಸ್ಕಾರ. ಕಾರವಾರ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷವಾಯಿತು, ಇನ್ನೂ ಅತಿಥಿಯೇ. ಇಷ್ಟು ವರ್ಷ ಮನೆಯಲ್ಲಿ ಉಳಿದ ಅತಿಥಿಗೆ ನಮ್ಮೂರಲ್ಲಿ ಕೊಟ್ಟಿಗೆ ಕೆಲಸವನ್ನಾದರೂ ಖಾಯಂ ಮಾಡಿ ಕೊಡುತ್ತಿದ್ದರು.

ಮೊನ್ನೆ ಆಸ್ಟ್ರೇಲಿಯಾದಲ್ಲಿರುವ ಅಕ್ಕನ ಮಗ ಫೋನ್ ಮಾಡಿದ್ದ. ಅಲ್ಲಿನ ಸಂಸತ್ತಿನ ಮೇಲ್ಮನೆ, ಅಂದರೆ ಸೆನೆಟ್, 2025ರಲ್ಲಿ ವಿಶ್ವವಿದ್ಯಾಲಯಗಳ ಆಡಳಿತದ ಬಗ್ಗೆ ಒಂದು ವಿಚಾರಣೆ ನಡೆಸಿದೆ. ಮೇಲಿನವರ ಸಂಬಳ ಎಷ್ಟು, ಅದನ್ನು ಗೊತ್ತು ಮಾಡಿದವರು ಯಾರು, ಸಲಹೆಗಾರ ಕಂಪನಿಗಳಿಗೆ ಎಷ್ಟು ಸುರಿದಿರಿ ಅಂತ ಎದುರಿಗೆ ಕೂರಿಸಿಕೊಂಡು ಕೇಳಿದ್ದಾರೆ. ಅಲ್ಲಿನ ಅಧ್ಯಾಪಕರ ಸಂಘದ ಲೆಕ್ಕದ ಪ್ರಕಾರ, ರಾಜ್ಯದ ಪ್ರೀಮಿಯರ್‌ಗಿಂತ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಜಾಸ್ತಿ ಸಂಬಳ ತೆಗೆದುಕೊಳ್ಳುವ ವಿಶ್ವವಿದ್ಯಾಲಯದ ಅಧಿಕಾರಿಗಳು 300ಕ್ಕೂ ಹೆಚ್ಚು. ಹಲವು ಕುಲಪತಿಗಳದ್ದು ವರ್ಷಕ್ಕೆ 10 ಲಕ್ಷ ಡಾಲರ್ ದಾಟುತ್ತದೆ.

ಫೋನ್ ಇಟ್ಟ ಮೇಲೆ ತಲೆಗೆ ಹುಳ ಹೊಕ್ಕಿತು. ನಮ್ಮಲ್ಲಿ ಈ ಪ್ರಶ್ನೆ ಕೇಳುವವರು ಯಾರು? ಜಿಲ್ಲೆಯ ಮಕ್ಕಳು ಕಟ್ಟುವ ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ ಎಲ್ಲಾ ಘಟ್ಟ ಹತ್ತಿ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಮೇಲೆ ಹೋದದ್ದರ ಲೆಕ್ಕ ಕೆಳಗೆ ಇಳಿದು ಬಂದದ್ದು ನಾನಂತೂ ನೋಡಿಲ್ಲ. ಹೋದ ವರ್ಷ ನನಗೆ ಮೂರು ತಿಂಗಳ ಗೌರವಧನ ಒಟ್ಟಿಗೇ ಬಂತು. ‘ಅನುದಾನ ಬಂದಿಲ್ಲ’ ಅಂದರು. ಅದೇ ಮೂರು ತಿಂಗಳು ಮೇಲಿನವರ ಸಂಬಳ ನಿಂತಿತ್ತಾ? ಇಷ್ಟೇ ನನ್ನ ಪ್ರಶ್ನೆ.

ಬನವಾಸಿ ರಸ್ತೆ

ಮಾಸ್ತರೇ, ನಿಮ್ಮ ಸಿಟ್ಟು ನ್ಯಾಯವೇ. ಆದರೆ ಹೋಲಿಕೆ ಸರಿಯಿಲ್ಲ. ಆಸ್ಟ್ರೇಲಿಯಾದಲ್ಲಿ ಕುಲಪತಿ ಸಂಬಳವನ್ನು ಆಯಾ ವಿಶ್ವವಿದ್ಯಾಲಯದ ಕೌನ್ಸಿಲ್ಲೇ ಗೊತ್ತು ಮಾಡುತ್ತದೆ. ನಮ್ಮಲ್ಲಿ ಹಾಗಲ್ಲ. 7ನೇ ವೇತನ ಆಯೋಗದ ನಂತರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶ್ರೇಣಿಯಲ್ಲಿ ಕುಲಪತಿಗೆ ಮೂಲ ವೇತನ ತಿಂಗಳಿಗೆ 2,10,000 ರೂಪಾಯಿ, ವಿಶೇಷ ಭತ್ಯೆ 11,250. ಅದರ ಮೇಲೆ ತುಟ್ಟಿಭತ್ಯೆ. ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕರಿಗೆ ಮೂಲ ವೇತನ 57,700. ಅಂದರೆ ಮೂರೂವರೆ ಪಟ್ಟಿಗಿಂತ ಚೂರು ಜಾಸ್ತಿ. ಇದರಲ್ಲಿ ಹಗರಣ ಎಲ್ಲಿದೆ?

ಸುಮ್ನೆ ಅವರಲ್ಲಿ ಜ್ವರ ಬಂತು ಅಂತ ನಾವು ಕಷಾಯ ಕುಡಿಯುವುದು ಬೇಡ.

ಕೋಡಿಬಾಗ ಮಾಸ್ತರು

ನೀವು ಸಹಾಯಕ ಪ್ರಾಧ್ಯಾಪಕರ ಹತ್ತಿರ ನಿಲ್ಲಿಸಿಬಿಟ್ಟಿರಿ. ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯಿರಿ, ಅಲ್ಲಿ ನಾವಿದ್ದೇವೆ. 2022ರ ಜನವರಿವರೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿಗಳಿಗೆ 11,000, ಇಲ್ಲಾ 13,000. ಮುಷ್ಕರ ಆದ ಮೇಲೆ ಯುಜಿಸಿ ಅರ್ಹತೆ ಮತ್ತು 5 ವರ್ಷದ ಅನುಭವ ಇದ್ದವರಿಗೆ 32,000, ಅರ್ಹತೆ ಇಲ್ಲದ ಹೊಸಬರಿಗೆ 26,000 ಮಾಡಿದರು. ಜೊತೆಗೆ ವಾರಕ್ಕೆ 15 ಗಂಟೆ ಪಾಠ ಅಂದರು. ಅದರಿಂದ ಎಷ್ಟೋ ಜನ ಕೆಲಸವನ್ನೇ ಕಳೆದುಕೊಂಡರು, ಅದು ಬೇರೆ ಕಥೆ. ಆಗಿನ ಆ 32,000 ಹಿಡಿದರೂ ಕುಲಪತಿಯ ಮೂಲ ವೇತನ ಅದರ ಆರೂವರೆ ಪಟ್ಟು. ಅದೂ ವರ್ಷದ ಎಲ್ಲಾ ತಿಂಗಳೂ ನಮಗೆ ಸಿಗುವುದಿಲ್ಲ.

ಬೇಲೇಕೇರಿ ಹುಡುಗಿ

ನಾನು ಇನ್ನೂ ಓದುತ್ತಿರುವವಳು, ತಪ್ಪಿದ್ದರೆ ತಿದ್ದಿ. ಪಟ್ಟು ಲೆಕ್ಕ ನಮ್ಮ ಮನೆಯಲ್ಲಿ ದಿನಾ ಇರುತ್ತದೆ. ಅಪ್ಪ ಬೋಟಿಗೆ ಹೋಗುವವರು. ಬಲೆ ಎಳೆದು ಬಂದ ಮೇಲೆ ಡೀಸೆಲ್, ಐಸು ಕಳೆದು ಉಳಿದದ್ದು ಪಾಲಾಗುತ್ತದೆ. ಮಾಲೀಕನಿಗೆ ಇಷ್ಟು, ಬೋಟು ನಡೆಸುವ ತಾಂಡೇಲನಿಗೆ ಇಷ್ಟು, ಕೆಲಸದಾಳು ಖಲಾಸಿಗೆ ಇಷ್ಟು. ತಾಂಡೇಲನಿಗೆ ಜಾಸ್ತಿ ಹೋದರೆ ಯಾರೂ ಹೊಟ್ಟೆಕಿಚ್ಚು ಪಡುವುದಿಲ್ಲ. ಮೀನು ಎಲ್ಲಿದೆ ಅಂತ ಗೊತ್ತಿರುವುದು ಅವನಿಗೇ. ಆದರೆ ಅವನಿಗೆ ಎಷ್ಟು ಹೋಯಿತು ಅಂತ ದಂಡೆಯಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸಿಗೂ ಗೊತ್ತು. ಕದ್ದು ಕೊಟ್ಟರೆ ಮಾತ್ರ ಜಗಳ.

ಹಾಗಾಗಿ ಜಾಸ್ತಿ ಆಯಿತಾ ಕಡಿಮೆ ಆಯಿತಾ ಅನ್ನುವುದಕ್ಕಿಂತ, ದಂಡೆ ಮೇಲೆ ಹಂಚಿದರಾ ಅಂತ ನೋಡಬೇಕು ಅನಿಸುತ್ತದೆ.

ಬನವಾಸಿ ರಸ್ತೆ

ತಂಗಿ, ನಿನ್ನ ಮಾತಿಗೆ ಉತ್ತರ ನನ್ನ ಹತ್ತಿರ ಇಲ್ಲ. ಮಾಸ್ತರ ಮಾತಿಗೆ ಇದೆ, ಆದರೆ ನಾಳೆ ಬರೆಯುತ್ತೇನೆ. ಕರೆಂಟು ಹೋಗಿದೆ, ಮಳೆ ಶುರು.

ಕುಮಟೆಯ ಹಳೆ ಗುಮಾಸ್ತ

ಮೂರು ದಿನದಿಂದ ಸುಮ್ಮನೆ ಓದುತ್ತಿದ್ದೆ. ಇವತ್ತು ಬಾಯಿ ಬಿಡುತ್ತೇನೆ. ರಾಜ್ಯದ ಒಂದು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೂತು ಬಂದವನು ನಾನು. ಯಾವುದು ಅಂತ ಹೇಳುವುದಿಲ್ಲ. ದಕ್ಷಿಣವೋ ಉತ್ತರವೋ ಅಂತಲೂ ಕೇಳಬೇಡಿ.

ಶಿರಸಿಯ ಬನವಾಸಿ ರಸ್ತೆಯವರು ಹೇಳಿದ್ದು ನಿಜ. ಸಂಬಳದಲ್ಲಿ ಏನೂ ಇಲ್ಲ. ಮೂಲ ವೇತನ ಇಡೀ ದೇಶಕ್ಕೆ ಗೊತ್ತು, ಅದರಲ್ಲಿ ಒಂದು ರೂಪಾಯಿ ಜಾಸ್ತಿ ಬರೆದರೂ ನಮ್ಮ ಸೆಕ್ಷನ್ನಿನ ಹುಡುಗನೇ ಹಿಡಿಯುತ್ತಿದ್ದ. ನೋಡಬೇಕಾದ್ದು ಸಂಬಳದ ಅಕ್ಕಪಕ್ಕ.

ಏನೇನು ಅಂದರೆ, ವಾಹನ. ಕಚೇರಿಗೆ ಒಂದು, ಮನೆಗೆ ಒಂದು, ‘ಅತಿಥಿಗಳಿಗೆ’ ಅಂತ ಇನ್ನೊಂದು. ಬಂಗಲೆಯ ದುರಸ್ತಿ. ಪ್ರತಿ ಹೊಸಬರು ಬಂದಾಗಲೂ ಹಳೆಯ ಪರದೆ, ಸೋಫಾ ಹಳೆಯದಾಗಿಬಿಡುತ್ತದೆ. ಪ್ರವಾಸ ಭತ್ಯೆ. ಬೆಂಗಳೂರಿನ ಒಂದೇ ಮೀಟಿಂಗಿಗೆ ಕರೆದವರೂ ಭತ್ಯೆ ಕೊಡುತ್ತಾರೆ, ನಾವೂ ಕೊಡುತ್ತೇವೆ. ಪರೀಕ್ಷಾ ಕೆಲಸದ ಸಂಭಾವನೆ. ಮೌಲ್ಯಮಾಪನದ ದುಡ್ಡು ಪೇಪರು ತಿದ್ದಿದವರಿಗೆ ಹೋಗಬೇಕಾದ್ದು ನ್ಯಾಯ. ‘ಮೇಲ್ವಿಚಾರಣೆ’ ಅಂತ ಅದರಲ್ಲಿ ಒಂದು ಪಾಲು ಮೇಲಕ್ಕೂ ಏರುತ್ತಿತ್ತು. ಸಭಾ ಶುಲ್ಕ. ಬೆಳಿಗ್ಗೆ ಒಂದು ಸಭೆ, ಮಧ್ಯಾಹ್ನ ಊಟವಾದ ಮೇಲೆ ಅದೇ ಕೋಣೆಯಲ್ಲಿ ಅದೇ ಜನರ ಇನ್ನೊಂದು ಸಭೆ, ಎರಡು ಶುಲ್ಕ.

ಇದನ್ನು ಹಿಡಿಯುವವರು ಇರಲಿಲ್ಲವೇ? ಇದ್ದರು. ರಾಜ್ಯದ ಲೆಕ್ಕಪರಿಶೋಧನಾ ಇಲಾಖೆಯವರು ಬಂದು ತಿಂಗಳುಗಟ್ಟಲೆ ಕೂತು ನೋಡುತ್ತಿದ್ದರು. ಒಳ್ಳೆ ಕೆಲಸಗಾರರು. ಒಬ್ಬರಂತೂ ಕಾರಿನ ಲಾಗ್ ಪುಸ್ತಕ ತೆಗೆದು, ಭಾನುವಾರ ಗೋಕರ್ಣಕ್ಕೆ ಹೋದ ಕಾರಿನ ಎದುರಿಗೆ ‘ಕಚೇರಿ ಕೆಲಸ’ ಅಂತ ಬರೆದದ್ದರ ಕೆಳಗೆ ಪೆನ್ಸಿಲ್ ಗೆರೆ ಎಳೆದರು. ಆತ್ಮಲಿಂಗದ ಹತ್ತಿರ ಏನು ಕಚೇರಿ ಕೆಲಸ ಅಂತ ನನ್ನನ್ನೇ ಕೇಳಿದರು. ನಾನು ಏನು ಹೇಳಲಿ? ‘ಕಂಡಿಕೆ (ಆಡಿಟ್ ಆಕ್ಷೇಪಣೆ) ಹಾಕಿ ಸಾರ್’ ಅಂದೆ.

ಹಾಕಿದರು. ಮುಂದೆ ಏನಾಯಿತು ಕೇಳಿ. ಕಂಡಿಕೆಗೆ ಅನುಪಾಲನಾ ವರದಿ, ಅಂದರೆ ಏನು ಕ್ರಮ ತೆಗೆದುಕೊಂಡೆವು ಅನ್ನುವ ಉತ್ತರ, ಕೊಡಬೇಕು. ನಾವು ‘ಕಡತ ಪರಿಶೀಲನೆಯಲ್ಲಿದೆ’ ಅಂತ ಬರೆದೆವು. ಮರುವರ್ಷ ಅದೇ ಕಂಡಿಕೆ ‘ಹಿಂದಿನ ವರ್ಷದ ಬಾಕಿ’ ಅಂತ ಮರಳಿ ಬಂತು. ನಾವು ಅದೇ ವಾಕ್ಯ ಬರೆದೆವು. ಹೀಗೆ ಏಳು ವರ್ಷ. ಅಷ್ಟರಲ್ಲಿ ಆ ಕುಲಪತಿ ಅವಧಿ ಮುಗಿಸಿ ಹೋಗಿ, ಇನ್ನೊಬ್ಬರು ಬಂದು, ಅವರೂ ಹೋಗಿದ್ದರು. ಡ್ರೈವರ್ ತೀರಿಕೊಂಡಿದ್ದ. ಕಾರು ಹರಾಜಾಗಿತ್ತು. ಪೆನ್ಸಿಲ್ ಗೆರೆ ಮಾತ್ರ ಉಳಿದಿತ್ತು.

ನಾನು ನಿವೃತ್ತನಾಗುವ ದಿನ ನನ್ನ ಮೇಲೆ ಏನೂ ಬಾಕಿ ಇಲ್ಲ ಅಂತ ಬರೆಸಿಕೊಳ್ಳಲು ಹನ್ನೆರಡು ಸಹಿ ಬೇಕಾಯಿತು. ಲೈಬ್ರರಿಯ ಒಂದು ಪುಸ್ತಕಕ್ಕೆ 85 ರೂಪಾಯಿ ಕಟ್ಟಿದೆ.

ಬೇಲೇಕೇರಿ ಹುಡುಗಿ

ಗುಮಾಸ್ತಜ್ಜ, 85 ರೂಪಾಯಿ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹೊನ್ನಾವರದ ಮಾಣಿ, ಈಗ ಮೆಲ್ಬರ್ನ್

ಆಸ್ಟ್ರೇಲಿಯಾ ಅಂದ ಕೂಡಲೇ ನನಗೂ ಯಾರೋ ಈ ಚರ್ಚೆ ಕಳಿಸಿದರು. ದೂರದ ಬೆಟ್ಟ ನುಣ್ಣಗೆ, ಹತ್ತಿರ ಬಂದು ನೋಡಿ.

ಸೆನೆಟ್ ಸಮಿತಿಗೆ ಕೇಳುವ ಅಧಿಕಾರ ಇದೆ, ಸಂಬಳ ಕತ್ತರಿಸುವ ಅಧಿಕಾರ ಇಲ್ಲ. ಇಲ್ಲಿನ ಹೆಚ್ಚಿನ ವಿಶ್ವವಿದ್ಯಾಲಯಗಳು ರಾಜ್ಯಗಳ ಕಾಯ್ದೆಯಿಂದ ಹುಟ್ಟಿದವು. ದುಡ್ಡು ಮಾತ್ರ ಬಹುಪಾಲು ಕೇಂದ್ರದ್ದು. ಹಾಗಾಗಿ ಬಹಳ ವರ್ಷ ‘ನಮ್ಮದಲ್ಲ, ಅವರದ್ದು’ ಅಂತ ಇಬ್ಬರೂ ಕೈ ತೋರಿಸುತ್ತಿದ್ದರು. ಕ್ಯಾನ್‌ಬೆರಾದ ಎಎನ್‌ಯು (ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ) ಒಂದು ಕೇಂದ್ರದ ಕಾಯ್ದೆಯದ್ದು. ಅದಕ್ಕೇ ಅವರನ್ನು ಸೆನೆಟ್‌ನ ಬಜೆಟ್ ಪರಿಶೀಲನೆಗೂ ಕರೆಸಲು ಆಗುತ್ತದೆ. ಅಲ್ಲಿನ ಕುಲಪತಿ ಜೆನೆವೀವ್ ಬೆಲ್, ಕೆಲಸ ಕಡಿತದ ಗಲಾಟೆಯ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರು ಆ ಕುರ್ಚಿಯಲ್ಲಿದ್ದಾಗಲೇ ಇಂಟೆಲ್ ಕಂಪನಿಯಿಂದಲೂ ಸಂಬಳ ಪಡೆದಿದ್ದು ಅದಕ್ಕೂ ಮೊದಲೇ ಹೊರಬಿದ್ದಿತ್ತು.

ಅದೇ ಸೆಪ್ಟೆಂಬರ್‌ನಲ್ಲಿ ಸಮಿತಿಯ ಮಧ್ಯಂತರ ವರದಿ ಬಂತು. ಮಂತ್ರಿ, ನ್ಯಾಯಾಧೀಶರ ಸಂಬಳ ಗೊತ್ತು ಮಾಡುವ ರೆಮ್ಯುನರೇಶನ್ ಟ್ರಿಬ್ಯೂನಲ್‌ಗೆ ಕುಲಪತಿಗಳ ಸಂಬಳದಲ್ಲೂ ಪಾತ್ರ ಕೊಡಿ ಅಂತ ಅದರಲ್ಲಿ ಶಿಫಾರಸು ಇದೆ. ಅಂದರೆ ಇವರು ಈಗ ಹುಡುಕುತ್ತಿರುವುದು ನಿಮ್ಮಲ್ಲಿ ಆಗಲೇ ಇದೆ, ಹೊರಗಿನವರು ಗೊತ್ತು ಮಾಡುವ ಒಂದು ಮಿತಿ.

ಕೋಡಿಬಾಗ ಮಾಸ್ತರಿಗೆ ಒಂದು ಮಾತು. ಇಲ್ಲಿಯೂ ಗಂಟೆ ಲೆಕ್ಕದ ಅಧ್ಯಾಪಕರಿದ್ದಾರೆ. ಮೆಲ್ಬರ್ನ್ ವಿಶ್ವವಿದ್ಯಾಲಯ ಅವರಿಗೆ ಕಡಿಮೆ ಕೊಟ್ಟಿದ್ದನ್ನು ಒಪ್ಪಿಕೊಂಡು, 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಕಾನೂನು ನೋಡುವ ಸರ್ಕಾರಿ ಸಂಸ್ಥೆಗೆ ಮುಚ್ಚಳಿಕೆ ಬರೆದುಕೊಟ್ಟಿತು. ವಾಪಸು ಕೊಡಬೇಕಾದದ್ದು 7 ಕೋಟಿ 20 ಲಕ್ಷ ಡಾಲರ್ ಆಸುಪಾಸು. ಹಾಗಾಗಿ ಮೇಲೆ ತುಂಬಿ ಹರಿಯುವಾಗ ಕೆಳಗೆ ಒಣಗುವುದು ನಿಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ.

ಬನವಾಸಿ ರಸ್ತೆ

ಕರೆಂಟು ಬಂತು. ಗುಮಾಸ್ತರು ಬರೆದದ್ದು ಎರಡು ಸಲ ಓದಿದೆ. ನಾನು ಸಂಬಳದ ಅಂಕಿ ಹಿಡಿದು ಕೂತಿದ್ದೆ, ಅದು ತಪ್ಪಾಯಿತು.

ಆದರೂ ನನಗೆ ಒಂದು ಭಯ. ಸದನ ಕೇಳಬೇಕು ಅನ್ನುತ್ತೀರಿ. ಸದನ ಅಂದರೆ ಯಾರು? ಶಾಸಕರು. ಅವರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದರೆ ಮೊದಲ ದಿನ ಕಾರಿನ ಲಾಗ್ ಪುಸ್ತಕ ಕೇಳಿಯಾರು, ಎರಡನೇ ದಿನ ತಮ್ಮ ಭಾವಮೈದನ ನೇಮಕಾತಿ ಕೇಳುತ್ತಾರೆ. ಈಗಲೇ ಕುಲಪತಿ ಆಯ್ಕೆಯಲ್ಲಿ ಏನೇನು ನಡೆಯುತ್ತದೆ ಅಂತ ಊರಿಗೆಲ್ಲಾ ಗೊತ್ತು. ವಿಶ್ವವಿದ್ಯಾಲಯಕ್ಕೆ ಸ್ವಾಯತ್ತತೆ ಅಂತ ಒಂದು ಇರಬೇಕಲ್ಲಾ.

ಅಂಕೋಲೆ ವಕೀಲ

ಶಿರಸಿ ರಾಯರ ಭಯ ಸುಳ್ಳಲ್ಲ. ಆದರೆ ಲೆಕ್ಕ ಕೇಳುವುದು ಬೇರೆ, ಕೈ ಹಾಕುವುದು ಬೇರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕಥೆ ಹೇಳುತ್ತೇನೆ. 2017ರಲ್ಲಿ ಅಲ್ಲಿನ ಕುಲಪತಿ ಗ್ಲಿನಿಸ್ ಬ್ರೇಕ್‌ವೆಲ್ ಅವರ ಸಂಬಳ ವರ್ಷಕ್ಕೆ 4,68,000 ಪೌಂಡ್ ಅಂತ ಸುದ್ದಿಯಾಯಿತು. ದೇಶದ ಪ್ರಧಾನಿಗೆ ಸುಮಾರು 1,50,000 ಇದ್ದ ಕಾಲ. ಮಾಜಿ ಮಂತ್ರಿ, ಅಲ್ಲಿನ ಮೇಲ್ಮನೆ ಲಾರ್ಡ್ಸ್ ಸದಸ್ಯ ಆಂಡ್ರ್ಯೂ ಅಡೋನಿಸ್ ಅದನ್ನು ಹಿಡಿದು ಗದ್ದಲ ಎಬ್ಬಿಸಿದರು. ಆ ವಿಶ್ವವಿದ್ಯಾಲಯದ ‘ಕೋರ್ಟ್’ ಅನ್ನುವ ಸಭೆಯಲ್ಲಿದ್ದ ಕೆಲವು ಸಂಸದರು ರಾಜೀನಾಮೆ ಕೊಟ್ಟು ಹೊರಗೆ ಬಂದರು. ಆಗ ಅನುದಾನ ಕೊಡುತ್ತಿದ್ದ ಸಂಸ್ಥೆ ತನಿಖೆ ಮಾಡಿತು. ಸಂಬಳ ಗೊತ್ತು ಮಾಡುವ ಸಮಿತಿಯ ಬಗ್ಗೆ ಬಂದ ಒಂದು ಠರಾವಿಗೆ ಕುಲಪತಿಯೇ ಮತ ಹಾಕಿದ್ದು ಸರಿಯಲ್ಲ ಅಂತ ಹೇಳಿತು. ಆ ವರ್ಷದ ನವೆಂಬರ್‌ನಲ್ಲಿ ಅವರು ಹುದ್ದೆ ಬಿಡುವುದಾಗಿ ಹೇಳಿದರು.

ಇಲ್ಲಿ ಸಂಸದರು ಯಾರ ನೇಮಕಾತಿಯನ್ನೂ ಮುಟ್ಟಲಿಲ್ಲ. ಪ್ರಶ್ನೆ ಕೇಳಿದರು ಅಷ್ಟೇ. ಅದರ ನಂತರ 2018ರಿಂದ ಹೊಸ ನಿಯಂತ್ರಣ ಸಂಸ್ಥೆ ಒಂದು ನಿಯಮ ಮಾಡಿತು. ಕುಲಪತಿಯ ಸಂಬಳ ತನ್ನ ನೌಕರರ ನಡು ಸಂಬಳದ (ಎಲ್ಲರ ಸಂಬಳ ಸಾಲಾಗಿ ಇಟ್ಟರೆ ಮಧ್ಯದಲ್ಲಿ ಬರುವುದು) ಎಷ್ಟು ಪಟ್ಟು, ಅಷ್ಟು ಕೊಡಲು ಕಾರಣ ಏನು, ಇದನ್ನು ಪ್ರತಿ ವಿಶ್ವವಿದ್ಯಾಲಯ ತನ್ನ ವಾರ್ಷಿಕ ಲೆಕ್ಕಪತ್ರದಲ್ಲೇ ಅಚ್ಚು ಹಾಕಬೇಕು. ಬೇಲೇಕೇರಿ ತಂಗಿ ಹೇಳಿದ ದಂಡೆ ಮೇಲಿನ ಹಂಚಿಕೆ ಅದೇ ಅಲ್ವಾ.

ನಮ್ಮಲ್ಲಿ ದಾರಿ ಇಲ್ಲ ಅಂದುಕೊಳ್ಳಬೇಡಿ. ದಾರಿ ಇದೆ, ಹುಲ್ಲು ಬೆಳೆದಿದೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥದ್ದಾದರೆ ವಾರ್ಷಿಕ ವರದಿ, ಪರಿಶೋಧಿತ ಲೆಕ್ಕ ಎರಡೂ ಸಂಸತ್ತಿನ ಎರಡೂ ಸದನದಲ್ಲಿ ಮಂಡನೆಯಾಗಬೇಕು. ಲೆಕ್ಕದ ವರ್ಷ ಮುಗಿದು ಒಂಬತ್ತು ತಿಂಗಳ ಒಳಗೆ, ತಡವಾದರೆ ಕಾರಣದ ಸಮೇತ. ಇದನ್ನು ನೋಡಲಿಕ್ಕೇ ಲೋಕಸಭೆಯಲ್ಲಿ ಒಂದು ಸಮಿತಿ ಇದೆ. ದೇಶದ ಮಹಾಲೇಖಪಾಲರ (ಸಿಎಜಿ) ವರದಿ ಬಂದರೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಅದರ ಅಧ್ಯಕ್ಷತೆ 1967ರಿಂದ ವಿರೋಧ ಪಕ್ಷದವರಿಗೆ ಕೊಡುವ ರೂಢಿ. ನಮ್ಮ ಧಾರವಾಡದಂಥ ರಾಜ್ಯ ವಿಶ್ವವಿದ್ಯಾಲಯಗಳು 2000ನೇ ಇಸವಿಯ ರಾಜ್ಯ ಕಾಯ್ದೆಯ ಕೆಳಗೆ ಬರುತ್ತವೆ. ಇವಕ್ಕೆ ದೆಹಲಿ ಅಲ್ಲ, ವಿಧಾನಸೌಧ.

ವಿಧಾನಸೌಧದಲ್ಲೂ ನಮಗೆ ಒಂದು ವಿಶೇಷ ಬಾಗಿಲು ಇದೆ, ನಾವೇ ಮರೆತಿದ್ದೇವೆ. ಉತ್ತರ ಕನ್ನಡ, ಧಾರವಾಡ, ಹಾವೇರಿ, ಗದಗ ಸೇರಿ ವಿಧಾನ ಪರಿಷತ್ತಿನಲ್ಲಿ ಒಂದು ಪಶ್ಚಿಮ ಪದವೀಧರ ಕ್ಷೇತ್ರ, ಒಂದು ಪಶ್ಚಿಮ ಶಿಕ್ಷಕರ ಕ್ಷೇತ್ರ. ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿಯವರು 1980ರಿಂದ ಗೆಲ್ಲುತ್ತಾ 2022ರಲ್ಲಿ ಎಂಟನೇ ಸಲ ಬಂದಿದ್ದಾರೆ. ಪದವೀಧರ ಕ್ಷೇತ್ರಕ್ಕೆ ಪ್ರತಿ ಚುನಾವಣೆಗೂ ಮತದಾರರ ಪಟ್ಟಿ ಹೊಸದಾಗಿ ಆಗುತ್ತದೆ. ನಮೂನೆ 18 ತುಂಬಿ ಕೊಡದಿದ್ದರೆ ನಿಮ್ಮ ಹೆಸರೇ ಇರುವುದಿಲ್ಲ. ನಮ್ಮ ತಾಲೂಕಿನ ಎಷ್ಟು ಜನ ಪದವೀಧರರು ತುಂಬಿದ್ದಾರೆ? ನನ್ನ ಸ್ವಂತ ಜೂನಿಯರ್ ತುಂಬಿರಲಿಲ್ಲ, ವಕೀಲನಾಗಿ!

ಕುಮಟೆಯ ಹಳೆ ಗುಮಾಸ್ತ

ವಕೀಲರು ಬಾಗಿಲು ತೋರಿಸಿದರು, ಬಾಗಿಲ ಹಿಂದಿನದ್ದು ನಾನು ಹೇಳುತ್ತೇನೆ. ಸದನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ (ಬರಹದಲ್ಲಿ ಉತ್ತರ ಕೊಡುವಂಥದ್ದು) ಬಂದರೆ ಇಲಾಖೆಯಿಂದ ನಮಗೆ ಫೋನ್ ಬರುತ್ತಿತ್ತು, ‘ತುರ್ತು, ಎಲ್‌ಎಕ್ಯೂ’ ಅಂತ, ಅಂದರೆ ವಿಧಾನಸಭೆಯ ಪ್ರಶ್ನೆ. ಇಡೀ ಸೆಕ್ಷನ್ ಊಟ ಬಿಟ್ಟು ಓಡಾಡುತ್ತಿತ್ತು. ಏಳು ವರ್ಷ ಪರಿಶೀಲನೆಯಲ್ಲಿದ್ದ ಕಡತ ಎರಡು ತಾಸಿನಲ್ಲಿ ಮೇಜಿನ ಮೇಲೆ ಇರುತ್ತಿತ್ತು. ಆ ಮೂರಕ್ಷರಕ್ಕೆ ಇದ್ದ ಹೆದರಿಕೆ ಆಡಿಟ್‌ಗೆ ಇರಲಿಲ್ಲ.

ಆದರೆ ಪ್ರಶ್ನೆ ಹೇಗೆ ಕೇಳುತ್ತಾರೆ ಅನ್ನುವುದರ ಮೇಲೆ ಇದೆ ಎಲ್ಲಾ. ‘ಕುಲಪತಿಗಳ ವೇತನ ಎಷ್ಟು?’ ಅಂತ ಕೇಳಿದರೆ ಉತ್ತರ ಒಂದೇ ಸಾಲು, ‘ಯುಜಿಸಿ ನಿಯಮದಂತೆ.’ ಮುಗಿಯಿತು. ‘ಕಳೆದ ಮೂರು ವರ್ಷಗಳಲ್ಲಿ ಕುಲಪತಿ, ಕುಲಸಚಿವರು, ಹಣಕಾಸು ಅಧಿಕಾರಿ ಇವರಿಗೆ ವೇತನ ಬಿಟ್ಟು ಬೇರೆ ಎಲ್ಲಾ ಲೆಕ್ಕ ಶೀರ್ಷಿಕೆಯಿಂದ ಪಾವತಿಯಾದ ಮೊತ್ತ, ವರ್ಷವಾರು’ ಅಂತ ಕೇಳಿದರೆ ನಮ್ಮ ಹಣಕಾಸು ಅಧಿಕಾರಿ ನೀರು ಕುಡಿಯುತ್ತಿದ್ದರು. ‘ಬೇರೆ ಎಲ್ಲಾ ಶೀರ್ಷಿಕೆ’ ಅನ್ನುವ ಮಾತು ಬಿಡಬೇಡಿ.

ಇನ್ನೊಂದು, ವರ್ಷ. ಕುರ್ಚಿಯಲ್ಲಿ ಇರುವವರ ವರ್ಷವನ್ನೇ ಕೇಳಿ. ಹೋದವರದ್ದು ಕೇಳಿದರೆ ಈಗಿನವರು ‘ನಮ್ಮ ಅವಧಿಯದ್ದಲ್ಲ’ ಅನ್ನುತ್ತಾರೆ. ಅವರಿಗೆ ನಾಲ್ಕು ವರ್ಷದ ಅವಧಿ, ನಮ್ಮ ಲೆಕ್ಕಕ್ಕೆ ಏಳು ವರ್ಷ. ಎಲ್ಲಿ ಕೂಡುತ್ತದೆ?

ಬನವಾಸಿ ರಸ್ತೆ

ಈಗ ನನಗೆ ನಮ್ಮ ಅಡಿಕೆ ಸೊಸೈಟಿ ನೆನಪಾಯಿತು. ಶಿರಸಿ ಕಡೆ ಸೊಸೈಟಿಗಳ ವಾರ್ಷಿಕ ಸಾಮಾನ್ಯ ಸಭೆಗೆ ಮೊದಲೇ ವರದಿ ಪುಸ್ತಕ ಮನೆಗೆ ಬರುತ್ತದೆ. ನಮ್ಮಪ್ಪ ಕವಳ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೊದಲು ತೆಗೆಯುವುದೇ ‘ಆಡಳಿತ ವೆಚ್ಚ’ದ ಪುಟ. ಹಿಂದಿನ ವರ್ಷದ ಅಂಕಿ ಪಕ್ಕದಲ್ಲೇ ಇರುತ್ತದೆ. ‘ಪ್ರವಾಸ ಖರ್ಚು ಇಷ್ಟು ಯಾಕೆ ಏರಿತು?’ ಅಂತ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ. ಉತ್ತರ ಸರಿ ಇರಲಿ ಬಿಡಲಿ, ಅಧ್ಯಕ್ಷರು ಮೈಕಿನಲ್ಲಿ ಹೇಳಬೇಕು. ನಾಲ್ಕನೇ ತರಗತಿ ಓದಿದ ನಮ್ಮಪ್ಪನಿಗೆ ಸೊಸೈಟಿಯ ಲೆಕ್ಕ ಸಿಗುತ್ತದೆ. ಎಂ.ಎ. ಮಾಡಿದ ನನಗೆ ನನ್ನ ವಿಶ್ವವಿದ್ಯಾಲಯದ್ದು ಸಿಗುವುದಿಲ್ಲ. ಸರಿ, ಸೋತೆ ಮಾಸ್ತರೇ.

ಒಂದು ಮಾತು ಮಾತ್ರ ಬಿಡುವುದಿಲ್ಲ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ದುಡ್ಡಿಲ್ಲ ಅಂತ ಒಂಬತ್ತು ಹೊಸ ವಿಶ್ವವಿದ್ಯಾಲಯ ಮುಚ್ಚಬೇಕು ಅಂದಿತ್ತು, ನಮ್ಮ ಪಕ್ಕದ ಹಾವೇರಿಯದ್ದೂ ಸೇರಿ. ಕಾರು, ಸೋಫಾ ಲೆಕ್ಕ ಹಿಡಿದು ‘ನೋಡಿ, ಇವರಿಗೆ ದುಡ್ಡೇ ಬೇಡ’ ಅಂತ ಅನುದಾನ ಇನ್ನೂ ಕತ್ತರಿಸಲು ಇದು ನೆಪ ಆಗಬಾರದು. ಹಾಗೇನಾದರೂ ಆದರೆ ಮೊದಲು ಹೋಗುವುದು ಮಾಸ್ತರಂಥವರ ಗೌರವಧನವೇ.

ಕೋಡಿಬಾಗ ಮಾಸ್ತರು

ಅದು ನನಗೂ ಗೊತ್ತು ರಾಯರೇ. ಅದಕ್ಕೇ ಪ್ರಶ್ನೆಯಲ್ಲಿ ನಮ್ಮದೂ ಇರಲಿ. ಮೇಲಿನ ಮೂವರಿಗೆ ಪಾವತಿಯಾದ ದಿನಾಂಕ, ಅತಿಥಿಗಳಿಗೆ ಪಾವತಿಯಾದ ದಿನಾಂಕ, ಎರಡೂ ಪಕ್ಕಪಕ್ಕ ಕೊಡಿ ಅಂತ. ಮೊತ್ತ ಬೇಡ, ದಿನಾಂಕ ಸಾಕು ನನಗೆ.

ಅಂಕೋಲೆ ವಕೀಲ

ದಿನಾಂಕ ಕೇಳುವುದು ಚಲೋ ಉಪಾಯ. ಸದನದ ಪ್ರಶ್ನೆಗೆ ಅಧಿವೇಶನ ಬರಬೇಕು. ಅಲ್ಲಿಯವರೆಗೆ ಮಾಹಿತಿ ಹಕ್ಕಿನಲ್ಲಿ ಹಾಕೋಣ. 2005ರ ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ಅಧಿಕಾರಿಯ ತಿಂಗಳ ಸಂಬಳವನ್ನು ಅವರು ತಾವಾಗಿಯೇ ಪ್ರಕಟಿಸಬೇಕು, ನಾವು ಕೇಳಲೇಬೇಕಾಗಿರಲಿಲ್ಲ. ಸಿಕ್ಕ ಉತ್ತರವನ್ನು ಪರಿಷತ್ ಸದಸ್ಯರ ಕೈಗೆ ಕೊಟ್ಟರೆ ಅವರ ಪ್ರಶ್ನೆಗೆ ಹಲ್ಲು ಬರುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಷರತ್ತು, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಎರಡು ಅರ್ಜಿ ಮಾಡೋಣ. ಬೇರೆ ಪಾವತಿಗಳದ್ದು ನಾನು ಬರೆಯುತ್ತೇನೆ, ದಿನಾಂಕದ್ದು ಮಾಸ್ತರು ಬರೆಯಲಿ.

ಕೋಡಿಬಾಗ ಮಾಸ್ತರು

ಬರೆದು ಗುಂಪಿಗೆ ಹಾಕಿದ್ದೇನೆ, ನೋಡಿ. ನನ್ನ ಹೆಸರಲ್ಲಿ ಬೇಡ, ಮುಂದಿನ ವರ್ಷ ನನ್ನನ್ನು ಕರೆಯದೇ ಇದ್ದಾರು.

ಕುಮಟೆಯ ಹಳೆ ಗುಮಾಸ್ತ

ನನ್ನ ಹೆಸರಲ್ಲಿ ಹಾಕಿ. ನನ್ನದು ಪಿಂಚಣಿ, ಯಾರೂ ಕರೆಯುವುದೂ ಬೇಡ, ಬಿಡುವುದೂ ಬೇಡ.

ಬೇಲೇಕೇರಿ ಹುಡುಗಿ

ಮಾಸ್ತರದ್ದು ಎಣಿಸಿದೆ, 163 ಪದ ಇದೆ. ‘ಘನತೆವೆತ್ತ’, ‘ವಿನಮ್ರ’, ‘ತಮ್ಮ ಅಮೂಲ್ಯ ಸಮಯ’ ಎಲ್ಲಾ ತೆಗೆದೆ. 148 ಆಯಿತು. ನಾಳೆ ಅಂಕೋಲೆ ಪೋಸ್ಟ್ ಆಫೀಸಿನಲ್ಲಿ ಪೋಸ್ಟಲ್ ಆರ್ಡರ್ ತರುತ್ತೇನೆ. ಎರಡು ಅರ್ಜಿಗೆ ಎರಡು ಬೇಕು ಅಲ್ವಾ?